ನಡಿಗೆ ಗುಂಪಿನ ಸದಸ್ಯರ ಗಮನಕ್ಕೆ: ಕೈ ತಡೆಯಲಾಗದ ತಿನಿಸುಗಳ ಕುರಿತು

ಸದಸ್ಯರೆಲ್ಲರಿಗೂ ಶರಣು. ಹೊಟ್ಟೆ ತುಂಬಿದ ಮೇಲೂ ಕೈ ತಾನಾಗಿಯೇ ಹೋಗುವ ತಿನಿಸು ಒಬ್ಬೊಬ್ಬರಿಗೆ ಒಂದೊಂದಿರುವುದರಿಂದ, ಮುಂದಿನ ಎರಡು ವಾರ ಏನು ತಿಂದಿರಿ, ಯಾವ ಹೊತ್ತಿಗೆ ತಿಂದಿರಿ, ಹಸಿವಿನಿಂದಲೋ ಬೇಸರದಿಂದಲೋ ಎಂಬುದನ್ನು ಪುಟ್ಟ ವಹಿಯಲ್ಲಿ ಬರೆದಿಡಬೇಕಾಗಿ ವಿನಂತಿ. ನನ್ನ ವಹಿಯಲ್ಲಿ ಸಿಕ್ಕಿಬಿದ್ದದ್ದು ಶೇಂಗಾ, ಪುಟಾಣಿ ಹಾಕಿದ ಚೂಡಾ; ಸಂಜೆ ಟಿವಿ ಮುಂದೆ ಡಬ್ಬಿ ತೆರೆದರೆ ತಳದ ಕರಿಬೇವು ಕಾಣುವವರೆಗೆ ಮುಚ್ಚಳ ಬೀಳುತ್ತಿರಲಿಲ್ಲ. ಜೋಳದ ರೊಟ್ಟಿ ಮಾತ್ರ ಎರಡರ ಮೇಲೆ ಇಳಿಯುವುದೇ ಇಲ್ಲ!

ಇದು ಬರಿಯ ಮನಸ್ಸಿನ ದೌರ್ಬಲ್ಯವಲ್ಲ. ಎಣ್ಣೆ, ಉಪ್ಪು, ಸಕ್ಕರೆ ಕೂಡಿದ ಮೆತ್ತನೆಯ ತಿನಿಸನ್ನು ನಾವು ಬೇಗ ನುಂಗುತ್ತೇವೆ, ಸಾಕೆಂಬ ಸೂಚನೆ ಮಿದುಳಿಗೆ ತಡವಾಗಿ ತಲುಪುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನು ಕೊಟ್ಟಾಗ 20 ಮಂದಿ ದಿನಕ್ಕೆ ಸರಾಸರಿ ಸುಮಾರು 500 ಕ್ಯಾಲೊರಿ ಹೆಚ್ಚು ಸೇವಿಸಿದ್ದರು.

ಅಂಥ ತಿನಿಸನ್ನು ಚಿಕ್ಕ ಬಟ್ಟಲಿಗೆ ಹಾಕಿಕೊಂಡು, ಡಬ್ಬಿಯನ್ನು ಅಟ್ಟಕ್ಕೇರಿಸಿದ ಮೇಲೆಯೇ ತಿನ್ನಲು ಕೂಡ್ರಿ. ಮಧ್ಯಾಹ್ನದ ಊಟ ತಪ್ಪಿಸಬೇಡಿ, ಏಕೆಂದರೆ ಸಂಜೆಯ ಮಿರ್ಚಿ ಭಜಿಗೆ ದಾರಿ ಅಲ್ಲಿಂದಲೇ ತೆರೆಯುತ್ತದೆ. ಗುಟ್ಟಾಗಿ ತಿನ್ನುವುದು, ತಿಂದು ವಾಂತಿ ಮಾಡಿಕೊಳ್ಳುವುದು ನಡೆದಿದ್ದರೆ ವಹಿ ಸಾಲದು, ವೈದ್ಯರನ್ನು ಕಾಣಬೇಕು.

ಎರಡು ವಾರದ ನಂತರದ ರವಿವಾರ, ಪಬ್ಲಿಕ್ ಗಾರ್ಡನ್ ನಡಿಗೆಗೆ ಬರುವಾಗ ವಹಿ ತನ್ನಿರಿ.