ಕೂಸು ಹಾಲನ್ನು ಚಿಮ್ಮಿಸಿ ವಾಂತಿ ಮಾಡಿದರೆ ತಡ ಮಾಡಬೇಡಿ

ಮಾನ್ಯ ಸಂಪಾದಕರೇ,

ಕೂಸು ಹಾಲು ಕಕ್ಕಿದರೆ ನಮ್ಮ ಮನೆಗಳಲ್ಲಿ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಚ್ಚಿನ ಸಲ ಅದು ಸರಿಯೇ. ಆದರೆ ಮೂರರಿಂದ ಆರು ವಾರದ ಮಗು ಕುಡಿದ ಹಾಲನ್ನೆಲ್ಲ ದೂರಕ್ಕೆ ಚಿಮ್ಮಿಸಿ ವಾಂತಿ ಮಾಡಿ, ಕೂಡಲೇ ಮತ್ತೆ ಹಸಿವಿಗೆ ಅಳುತ್ತಿದ್ದರೆ ಸುಮ್ನೆ ಕೂರಬಾರದು. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಇಂಥ ಕೂಸುಗಳು ಕಣ್ಣು ಗುಳಿಬಿದ್ದು, ಚರ್ಮ ಸುಕ್ಕಾದ ಮೇಲೆ ಬರುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಅಷ್ಟರಲ್ಲಿ ದೃಷ್ಟಿ ತೆಗೆದು, ಬಜೆ ತೇಯ್ದು ನೆಕ್ಕಿಸಿ, ಹಾಲಿನ ಪುಡಿ ಬದಲಿಸಿ ಆಗಿರುತ್ತಿತ್ತು.

ಇದು ಪೈಲೋರಿಕ್ ಸ್ಟೆನೋಸಿಸ್ ಇರಬಹುದು. ಜಠರದಿಂದ ಕರುಳಿಗೆ ಹೋಗುವ ಕಿರುದಾರಿಯ ಸುತ್ತ ಒಂದು ಸ್ನಾಯು ಇದೆ. ಜಠರ ಹಾಲನ್ನು ಮುಂದೆ ತಳ್ಳಿದಾಗ ಅದು ಸಡಿಲವಾಗಬೇಕು. ಅದನ್ನು ಸಡಿಲಿಸುವುದು ನರದ ತುದಿಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಂಬ ರಾಸಾಯನಿಕ. ಈ ಮಕ್ಕಳ ಆ ಸ್ನಾಯುವಿನ ನರಗಳಲ್ಲಿ ಅದನ್ನು ತಯಾರಿಸುವ ಕಿಣ್ವದ ಕೊರತೆ ಇದೆ ಎಂದು 1992ರಲ್ಲಿ ಸಂಶೋಧಕರು ತೋರಿಸಿದರು. ಸ್ನಾಯು ದಪ್ಪವಾಗಿ ದಾರಿ ಮುಚ್ಚುತ್ತಾ ಬಂದ ಹಾಗೆ ಜಠರ ಇನ್ನೂ ಜೋರಾಗಿ ಹಿಂಡುತ್ತದೆ. ಹಾಲು ಕುಡಿಸಿದ ಮೇಲೆ ಬಟ್ಟೆ ಸರಿಸಿ ನೋಡಿ. ಎಡ ಪಕ್ಕೆಯ ಕೆಳಗಿನಿಂದ ಬಲಕ್ಕೆ, ಚರ್ಮದಡಿ ಅಲೆ ಸಾಗುವುದು ಕಣ್ಣಿಗೇ ಕಾಣಬಹುದು. ವಾಂತಿಯಲ್ಲಿ ಹಸಿರು ಪಿತ್ತ ಇರುವುದಿಲ್ಲ. (ಹಸಿರು ಕಂಡರೆ ಅದು ಕರುಳಿನ ಬೇರೆ ತುರ್ತು ತೊಂದರೆ ಇರಬಹುದು, ಆಗಲೂ ಒಂದು ಗಂಟೆಯೂ ಕಾಯಬೇಡಿ.)

ಗಂಡುಮಕ್ಕಳಲ್ಲಿ ಇದು ನಾಲ್ಕೈದು ಪಟ್ಟು ಜಾಸ್ತಿ. ಹುಟ್ಟಿದ ಮೊದಲೆರಡು ವಾರದಲ್ಲಿ ಎರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟ ಕೂಸುಗಳಿಗೂ ಅಪಾಯ ಹೆಚ್ಚು. ಪತ್ತೆಗೆ ಸಾಮಾನ್ಯವಾಗಿ ಒಂದು ಅಲ್ಟ್ರಾಸೌಂಡ್ ಸಾಕು. ಮೊದಲು ಡ್ರಿಪ್ ಹಾಕಿ ಕಳೆದುಹೋದ ನೀರು, ಲವಣ ತುಂಬಬೇಕು. ಆಮೇಲೇ ಆಪರೇಷನ್. ಜರ್ಮನಿಯ ಸರ್ಜನ್ ಕೊನ್ರಾಡ್ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದ ವಿಧಾನವೇ ಇವತ್ತಿಗೂ ನಡೆಯುತ್ತಿದೆ: ಒಳಪೊರೆಗೆ ಪೆಟ್ಟಾಗದಂತೆ ದಪ್ಪಗಾದ ಸ್ನಾಯುವನ್ನು ಉದ್ದಕ್ಕೆ ಸೀಳಿ ಬಿಡುವುದು. ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ಹಾಲು ಕುಡಿಸಲು ಶುರು ಮಾಡುತ್ತಾರೆ. ಇಷ್ಟು ಚೆನ್ನಾಗಿ ವಾಸಿಯಾಗುವ ಕಾಯಿಲೆಗೆ ಕೂಸುಗಳು ಸೊರಗಿಹೋಗುವುದು ಎಷ್ಟು ಅನ್ಯಾಯ, ಅಲ್ವಾ?

ಆಶಾ ಕಾರ್ಯಕರ್ತೆಯರು 21, 28 ಮತ್ತು 42ನೇ ದಿನ ಬಾಣಂತಿಯರ ಮನೆಗೆ ಹೋಗುತ್ತಾರೆ. ಈ ಕಾಯಿಲೆ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಅದೇ ದಿನಗಳಲ್ಲಿ. ವಾಂತಿ ಚಿಮ್ಮುತ್ತದಾ, ಮಗು ಉಚ್ಚೆ ಹೊಯ್ಯುವುದು ಕಡಿಮೆಯಾಗಿದೆಯಾ, ತೂಕ ಇಳಿದಿದೆಯಾ ಎಂದು ಅವರು ತಪ್ಪದೆ ಕೇಳುವಂತೆ ಆರೋಗ್ಯ ಇಲಾಖೆ ತರಬೇತಿ ಕೊಡಲಿ. ಹೌದು ಎಂದರೆ ಅದೇ ದಿನ ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಆಗಲಿ.

– ನಿವೃತ್ತ ನರ್ಸ್, ದಾವಣಗೆರೆ