ಒಂದೇ ವಾಲ್ವಿನ ಬ್ಯೂಗಲ್ ಕೊಂಡ ಗೆಳೆಯನಿಗೆ

ಪ್ರಿಯ ರಾಘು,

ಫೋಟೋ ನೋಡಿದೆ. ಗ್ಯಾರೇಜ್ ಸೇಲಿನಲ್ಲಿ ನಿನಗೆ ಸಿಕ್ಕಿದ್ದು ವಾಲ್ವ್ ಕಳೆದುಕೊಂಡ ಟ್ರಂಪೆಟ್ ಅಲ್ಲ ಮಾರಾಯ, ಡ್ರಮ್, ತುತ್ತೂರಿ ನುಡಿಸುತ್ತ ಹೆಜ್ಜೆ ಹಾಕುವ ತಂಡ ಇದೆಯಲ್ಲ, ಆ ಡ್ರಮ್ ಅಂಡ್ ಬ್ಯೂಗಲ್ ಕೋರ್‌ನ ಸೊಪ್ರಾನೊ (ಎತ್ತರದ ಸ್ವರದ) ಬ್ಯೂಗಲ್. ಅಡ್ಡಡ್ಡ ಮಲಗಿರುವ ಆ ಒಂದೇ ಪಿಸ್ಟನ್ನೇ, ಅಂದರೆ ಒತ್ತುವ ವಾಲ್ವೇ, ಅದರ ಗುರುತು. ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ಮೆರವಣಿಗೆಯಲ್ಲಿ ಕಂಡ ಎಪ್ಪತ್ತು ದಾಟಿದವರು ಇನ್ನೂ ಯಾಕೆ ಇದನ್ನು ಬಿಟ್ಟಿಲ್ಲ ಅಂತ ಕೇಳಿದ್ದೀಯಲ್ಲ, ಅರ್ಧ ಉತ್ತರ ಆ ಪಿಸ್ಟನ್ನಿನಲ್ಲೇ ಇದೆ.

ಮೊದಲು ಬಿಗಿದುಕೊಂಡಿರುವ ಆ ಪಿಸ್ಟನ್ನನ್ನು ಸಡಿಲ ಮಾಡು. ಇಕ್ಕಳ ಮುಟ್ಟಬೇಡ. ಎರಡೂ ತುದಿಗೆ ನಾಲ್ಕೈದು ಹನಿ ವಾಲ್ವ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಡು. ಒಣಗಿದ ಎಣ್ಣೆಯೋ ನೀರಿನ ಸುಣ್ಣವೋ ಹಿಡಿದಿದ್ದರೆ ಬೆಳಗ್ಗೆ ಕದಲುತ್ತದೆ. ಕದಲದಿದ್ದರೆ ಎಂದೋ ಬಿದ್ದು ಅದರ ಗೂಡು ನೆಗ್ಗಿದೆ ಅಂತ ಅರ್ಥ, ಅದು ರಿಪೇರಿಯವನ ಕೆಲಸ. ಪಿಸ್ಟನ್ ಹೊರಗೆ ಬಂದ ಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಉದ್ದನೆಯ ಬಳುಕುವ ಬ್ರಷ್‌ನಿಂದ ಕೊಳವೆಯ ಒಳಗೆಲ್ಲ ಉಜ್ಜು. ನೀರು ಬಿಸಿ ಇದ್ದರೆ ಮೆರುಗಿನ ಲೇಪ ಎದ್ದುಬರುತ್ತದೆ. ಬಾಯಿಯ ಕಡೆಯ ಕೊಳವೆಯಲ್ಲಿ ಗುಲಾಬಿ ಬಣ್ಣದ ಚುಕ್ಕೆ ಇದೆಯಾ ನೋಡು. ಇದ್ದರೆ ಹಿತ್ತಾಳೆಯ ಸತು ಬಿಟ್ಟು ಲೋಹ ಒಳಗಿಂದ ಕೊಳೆಯುತ್ತಿದೆ, ಪಾಲಿಶ್‌ನಿಂದ ಹೋಗುವುದಿಲ್ಲ.

ಈಗ ಸ್ವರದ ವಿಷಯ. ಇದು ಜಿ ಶ್ರುತಿಯ ವಾದ್ಯ. ಪಿಸ್ಟನ್ ಒತ್ತದೆ ತುಟಿಯ ಬಿಗಿಯಿಂದಲೇ ಊದಿದರೆ ಸ, ಪ, ಮೇಲಿನ ಸ, ಗ, ಪ ಬರುತ್ತವೆ. ಸೈನ್ಯದ ಕರೆಗಳೆಲ್ಲ ಇಷ್ಟರಲ್ಲೇ ಮುಗಿಯುತ್ತವೆ. ಪಿಸ್ಟನ್ ಒತ್ತಿದರೆ ಇಡೀ ಸಾಲು ಕೆಳಗಿನ ಪಂಚಮಕ್ಕೆ ಇಳಿದು ರಿ, ನಿ ಸೇರಿಕೊಳ್ಳುತ್ತವೆ. ಎಲ್ಲ ಕೂಡಿಸಿ ನೋಡು: ಸ ರಿ ಗ ಪ ನಿ. ನಮ್ಮ ಹಂಸಧ್ವನಿಯ ಐದು ಸ್ವರಗಳೇ! ಮಂದ್ರದ ಪ, ನಿ ಹಿಡಿದು ಮೇಲೆ ಸ, ರಿ, ಗ, ಪವರೆಗೆ ಸಲೀಸಾಗಿ ಹೋಗಬಹುದು. ಅದರ ಮೇಲಿನ ನಿಷಾದಕ್ಕೆ ಮಾತ್ರ ತುಟಿ ತುಂಬಾ ಪಳಗಿರಬೇಕು.

ಮ ಮತ್ತು ದ ಇಲ್ಲ. ಅವು ಬೇಕೆಂದರೆ ಸ್ಲೈಡ್ (ಜಾರುವ ಕೊಳವೆ) ಹೊರಗೆಳೆದು ಇಡೀ ವಾದ್ಯವನ್ನೇ ಒಂದು ಸ್ವರ ಇಳಿಸಿಟ್ಟುಕೊಳ್ಳಬೇಕು. ಆಗ ಬೇರೆ ಸ್ವರಗಳು ಕೈತಪ್ಪುತ್ತವೆ. ಹಾಗಾಗಿ ಹಾಡನ್ನು ಹಲವರಿಗೆ ಹಂಚುತ್ತಿದ್ದರು, ನಿನ್ನ ಸ್ವರ ಬಂದಾಗ ನೀನು, ಅವನದು ಬಂದಾಗ ಅವನು. ಸಾಲಿನಲ್ಲಿ ಒಬ್ಬ ಬರದಿದ್ದರೆ ಹಾಡಿನಲ್ಲೇ ತೂತು. ಇಂಥ ವಾದ್ಯವನ್ನು ಮನೆಯಲ್ಲಿ ಒಬ್ಬನೇ ಕೂತು ಎಷ್ಟು ನುಡಿಸಿದರೂ ತೃಪ್ತಿಯಿಲ್ಲ. ಅದಕ್ಕೇ ಅವರು ಮತ್ತೆ ಮತ್ತೆ ಸೇರುತ್ತಾರೆ. ಮುಂದೆ ರೋಟರಿ (ತಿರುಗುವ) ವಾಲ್ವ್, ಎರಡು ವಾಲ್ವ್, ಮೂರು ವಾಲ್ವ್ ಬಂದವು. 2000ದಲ್ಲಿ ಕಿರಿಯರ ತಂಡಗಳ ಸ್ಪರ್ಧೆ ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಯಾವ ಶ್ರುತಿಯ ಹಿತ್ತಾಳೆ ವಾದ್ಯವಾದರೂ ಆಗಬಹುದು ಎಂದಿತು. ಹಳೆಯ ಜಿ ಬ್ಯೂಗಲ್‌ಗಳು ಹಿರಿಯರ ಕೋರ್‌ಗಳಿಗೂ ಗ್ಯಾರೇಜ್‌ಗಳಿಗೂ ಸೇರಿದವು.

ಇದನ್ನೆಲ್ಲ ಶುರುಮಾಡಿದವರು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಊರೂರಿನ ಶಾಖೆಗಳಲ್ಲಿ ಸೈನ್ಯದ ಬ್ಯೂಗಲ್, ಡ್ರಮ್ ಹಿಡಿದು ಸೇರಿದರು. ನಿಮ್ಮ ನ್ಯೂಜೆರ್ಸಿಯ ಹಾಥಾರ್ನ್ ಕಬಲೆರೋಸ್ ಕೋರ್ ಕೂಡ 1946ರಲ್ಲಿ ಅಂಥದೇ ಶಾಖೆಯಲ್ಲಿ ಹುಟ್ಟಿದ್ದು. ಕಿರಿಯರ ಕೋರ್‌ಗಳಲ್ಲಿ ಇಪ್ಪತ್ತೆರಡರ ಹೊತ್ತಿಗೆ "ಏಜ್ ಔಟ್", ಮುಂದೆ ಜಾಗವಿಲ್ಲ. ಎಲ್ಲ ವಯಸ್ಸಿನವರ ಕೋರ್‌ಗಳಿಗೆ ಆ ಗೆರೆಯಿಲ್ಲ, ಅಲ್ಲಿ ಮಗಳ ಪಕ್ಕದಲ್ಲಿ ಅಪ್ಪ ನಿಲ್ಲಬಹುದು.

ಸೇರುವ ಮನಸ್ಸಿದ್ದರೆ ಹೆಜ್ಜೆಯಿಂದ ಶುರುಮಾಡು. ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಒಂದಕ್ಕೆ 22.5 ಇಂಚು. ಫುಟ್‌ಬಾಲ್ ಮೈದಾನದಲ್ಲಿ ಐದು ಗಜಕ್ಕೊಂದು ಗೆರೆ ಇರುವುದರಿಂದ ಎಂಟನೆಯ ಎಣಿಕೆಗೆ ಕಾಲು ಗೆರೆಯ ಮೇಲೇ ಬೀಳಬೇಕು. ಹಿಮ್ಮಡಿ ಊರಿ ಪಾದವನ್ನು ಬೆರಳಿನವರೆಗೆ ಉರುಳಿಸು. ಧಪ್ಪೆಂದು ಇಟ್ಟರೆ ಆ ಪೆಟ್ಟು ತುಟಿಗೆ ತಲುಪಿ ಸ್ವರ ಕುಲುಕುತ್ತದೆ.

ಹೊಸಬರು ಎಡವುವುದು ತಾಳದಲ್ಲಿ, ಅದೂ ಕಿವಿ ಚೆನ್ನಾಗಿರುವವರೇ. ಡ್ರಮ್ ಸಾಲು ನಲವತ್ತು ಗಜ ಹಿಂದಿದ್ದರೆ ಅದರ ಸದ್ದು ಮುಂದಿನ ಅಂಚಿಗೆ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ನಿಮಿಷಕ್ಕೆ 160 ತಾಳದ ಪೆಟ್ಟಿನ ವೇಗದಲ್ಲಿ ಅದು ಒಂದು ಪೆಟ್ಟಿನ ಕಾಲುಭಾಗಕ್ಕಿಂತ ಹೆಚ್ಚು. ಹಿಂದಿರುವವರು ಮುಂದಿನ ಸದ್ದು ಕೇಳಿ ನುಡಿಸಿದರೆ ಪ್ರೇಕ್ಷಕರಿಗೆ ಎರಡೆರಡು ಸಲ ತಡವಾಗಿ ಮುಟ್ಟುತ್ತದೆ. ಆದ್ದರಿಂದ ಹಿಂದಿರುವವರು ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರ್‌ನ ಕೈ ನೋಡಬೇಕು, ಮುಂದಿರುವವರು ಬೆನ್ನ ಹಿಂದಿನಿಂದ ಬರುವ ಸದ್ದಿಗೆ ಕಿವಿಗೊಡಬೇಕು.

ಮೊದಲ ದಿನ ಮೂರನೇ ಸೊಪ್ರಾನೊ ಸಾಲು ಕೇಳು, ಎತ್ತರದ ಸ್ವರ ಕಡಿಮೆ. ಪೆನ್ಸಿಲ್, ನೀರು, ವಾಲ್ವ್ ಆಯಿಲ್ ಜೊತೆಗಿರಲಿ. ಮೊಣಕಾಲು ನೋಯುತ್ತದೆ ಅಂದರೆ ನಿಂತೇ ನುಡಿಸುವ ಹಿರಿಯರ ಕೋರ್‌ಗಳೂ ಇವೆ, ಹಿಂಜರಿಯಬೇಡ.

ಪಿಸ್ಟನ್ ಕದಲಿದ ತಕ್ಷಣ ಫೋನ್ ಮಾಡು. ಮಂದ್ರ ಪಂಚಮದಿಂದ ಶುರುಮಾಡಿ ಕೇಳಿಸು.

ನಿನ್ನ,
ಶ್ರೀಧರ