1966ರ ಮಸ್ಟ್ಯಾಂಗ್ ಕಾರಿನ ಸರ್ವೀಸ್ ಮತ್ತು ಬಿಲ್ ಕುರಿತು ದೂರು

ಇವರಿಗೆ,
ಮಾಲೀಕರು, ಕಾರ್ ಸರ್ವೀಸ್ ಗ್ಯಾರೇಜ್,
ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ

ವಿಷಯ: ಬೇಡದ ಕೆಲಸಕ್ಕೆ ಹಾಕಿದ ಬಿಲ್ ರದ್ದುಪಡಿಸಿ, ಕೆಡಿಸಿದ್ದನ್ನು ಸರಿಪಡಿಸಿಕೊಡುವ ಬಗ್ಗೆ

ಮಾನ್ಯರೇ,

ವಾರ್ಷಿಕ ಸರ್ವೀಸ್ ಮುಗಿಸಿ ನೀವು ಒಪ್ಪಿಸಿದ ಫೋರ್ಡ್ ಮಸ್ಟ್ಯಾಂಗ್ ಈಗ ಎಂಜಿನ್ ಬಿಸಿಯಾದೊಡನೆ ಮಿಸ್ಸಿಂಗ್ ಹೊಡೆಯುತ್ತಿದೆ. ಬಿಲ್ಲು 1,140 ಡಾಲರ್. ಹಳೇ ಗಾಡಿಗೆ ಖರ್ಚು ಇದ್ದದ್ದೇ, ಅದಕ್ಕೆ ತಕರಾರಿಲ್ಲ. ಆದರೆ ಈ ಬಿಲ್ಲಿನ ಅರ್ಧಕ್ಕಿಂತ ಹೆಚ್ಚು ದುಡ್ಡು ಈ ಕಾರಿಗೆ ಸಂಬಂಧವೇ ಇಲ್ಲದ ಕೆಲಸಕ್ಕೆ ಹೋಗಿದೆ. ನೀವೂ ಕನ್ನಡದವರಾದ್ದರಿಂದ ಕನ್ನಡದಲ್ಲೇ ಬಿಡಿಸಿ ಬರೆಯುತ್ತಿದ್ದೇನೆ.

'ಕಂಪ್ಯೂಟರ್ ಸ್ಕ್ಯಾನ್ – 165 ಡಾಲರ್.' 1966ರ ಗಾಡಿಯಲ್ಲಿ ಕಂಪ್ಯೂಟರೂ ಇಲ್ಲ, ಸ್ಕ್ಯಾನರ್ ಚುಚ್ಚುವ ಸಾಕೆಟ್ಟೂ ಇಲ್ಲ. ಎಲ್ಲಿಗೆ ಚುಚ್ಚಿದಿರೋ ದಯವಿಟ್ಟು ತಿಳಿಸಿ.

'ಟ್ಯಾಪೆಟ್ ಸೆಟ್ಟಿಂಗ್, 3 ಗಂಟೆ – 480 ಡಾಲರ್.' ಗಾಡಿಯ ವಿಐಎನ್ (ಗಾಡಿಯ ಗುರುತು ಸಂಖ್ಯೆ) ಫಲಕದ ಐದನೆಯ ಅಕ್ಷರ 'ಸಿ'. ಅಂದರೆ 289 ಘನ ಅಂಗುಲದ ವಿ8, ಎರಡು ಬ್ಯಾರೆಲ್ ಕಾರ್ಬ್ಯುರೇಟರ್, ಹೈಡ್ರಾಲಿಕ್ ಟ್ಯಾಪೆಟ್ (ವಾಲ್ವ್ ಎತ್ತುವ, ಆಯಿಲ್ ಒತ್ತಡದಿಂದ ಸಂದನ್ನು ತಾನೇ ಸರಿಮಾಡಿಕೊಳ್ಳುವ ಭಾಗ). ಇದಕ್ಕೆ ಸರ್ವೀಸಿಗೊಮ್ಮೆ ಸೆಟ್ಟಿಂಗ್ ಬೇಕಿಲ್ಲ; ಬೇಕಾದದ್ದು 'ಕೆ' ಅಕ್ಷರದ ಹೈ ಪರ್ಫಾರ್ಮೆನ್ಸ್ ಎಂಜಿನ್ನಿಗೆ. (ಅದೇ ಫಲಕದ ಎರಡನೆಯ ಅಕ್ಷರ 'ಆರ್'. ಗಾಡಿ ತಯಾರಾದದ್ದು ಇಲ್ಲೇ ಮಿಲ್ಪಿಟಾಸ್‌ನಲ್ಲಿ, ಈಗ ಗ್ರೇಟ್ ಮಾಲ್ ಇರುವ ಜಾಗದಲ್ಲಿ. ಊರಿನ ಗಾಡಿಯ ಫಲಕವನ್ನಾದರೂ ಓದಬೇಕಿತ್ತು.) ವಾಲ್ವ್ ಕವರ್ ಬೋಲ್ಟುಗಳ ಮೇಲಿನ ಬಣ್ಣ ಒಂದಿಷ್ಟೂ ಕಿತ್ತಿಲ್ಲ. ಮುಚ್ಚಳ ತೆಗೆಯದೆ ಟ್ಯಾಪೆಟ್ ಸೆಟ್ ಆಗುವುದಿಲ್ಲ.

ಮಿಸ್ಸಿಂಗಿಗೆ ಕಾರಣ ಇಗ್ನಿಷನ್ ವೈರು. ಸ್ವಿಚ್ಚಿನಿಂದ, ಸ್ಪಾರ್ಕಿಗೆ ಬೇಕಾದ ಹೈ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಬರುವ ಗುಲಾಬಿ ವೈರು ಬರೀ ವೈರಲ್ಲ, ಸುಮಾರು 1.3 ಓಮ್‌ನ ರೆಸಿಸ್ಟೆನ್ಸ್ ವೈರು. ಸ್ಟಾರ್ಟ್ ಮಾಡುವಾಗ ಮಾತ್ರ ಸ್ಟಾರ್ಟರಿನ ಸ್ವಿಚ್ಚಾದ ಸೊಲೆನಾಯ್ಡ್‌ನ 'ಐ' ಟರ್ಮಿನಲ್‌ನಿಂದ ಕಾಯಿಲ್‌ಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಆಮೇಲೆ ಈ ವೈರು ಅದನ್ನು ತಗ್ಗಿಸಬೇಕು. ನಿಮ್ಮವರು ಅದನ್ನು ಕತ್ತರಿಸಿ ಸಾಧಾರಣ ತಾಮ್ರದ ವೈರು ಎಳೆದಿದ್ದಾರೆ. ಕೀ ಆನ್ ಮಾಡಿ, ಪಾಯಿಂಟ್ಸ್ (ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲ್ ಕರೆಂಟನ್ನು ಕಡಿದು ಜೋಡಿಸುವ ಸಂಪರ್ಕ) ಮುಚ್ಚಿರುವಾಗ ಕಾಯಿಲ್‌ನ ಪ್ಲಸ್ಸಿನಲ್ಲಿ 6-7 ವೋಲ್ಟ್ ಆಸುಪಾಸು ಇರಬೇಕಾದ ಕಡೆ ಈಗ 12 ತೋರಿಸುತ್ತಿದೆ. ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ, ಹೊಸ ಪಾಯಿಂಟ್ಸ್ ಆಗಲೇ ಸುಟ್ಟು ಕುಳಿಬಿದ್ದಿವೆ. ಸಾಲದ್ದಕ್ಕೆ ಡಿಸ್ಟ್ರಿಬ್ಯೂಟರ್ ಕ್ಯಾಮ್‌ಗೆ ಗ್ರೀಸೇ ಹಚ್ಚಿಲ್ಲ. ಹೀಗಾದರೆ ಪಾಯಿಂಟ್ಸ್‌ನ ಉಜ್ಜುವ ತುಂಡು ಸವೆದು ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ (ಸ್ಪಾರ್ಕ್ ಬರುವ ಸಮಯ) ಹಿಂದೆ ಸರಿಯುತ್ತದೆ.

ಆಯಿಲ್ ವಿಷಯವನ್ನಂತೂ ಬಿಡುವ ಹಾಗೇ ಇಲ್ಲ. 0ಡಬ್ಲ್ಯು-20 ಹಾಕಿದ್ದೀರಿ. ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಆ ಆಯಿಲ್‌ನಲ್ಲಿ ಸವೆತ ತಡೆಯುವ ಜಿಂಕ್-ಫಾಸ್ಫರಸ್ ಸೇರ್ಪಡೆಯನ್ನು ತಗ್ಗಿಸಿ, ಫಾಸ್ಫರಸ್ಸನ್ನು 800 ಪಿಪಿಎಂ (ಹತ್ತು ಲಕ್ಷಕ್ಕೆ 800 ಭಾಗ) ಒಳಗೆ ಇಟ್ಟಿರುತ್ತಾರೆ. ಫ್ಲಾಟ್ ಟ್ಯಾಪೆಟ್ ಕ್ಯಾಮ್ (ಟ್ಯಾಪೆಟ್ ನೇರವಾಗಿ ಉಜ್ಜಿಕೊಂಡೇ ಓಡುವ ಕ್ಯಾಮ್) ಇರುವ ಈ ಎಂಜಿನ್ನಿಗೆ ಅಷ್ಟು ಸಾಲದು. ಕ್ಯಾಮ್ ಲೋಬ್ ಸವೆದರೆ ಎಂಜಿನ್ ಬಿಚ್ಚಬೇಕಾಗುತ್ತದೆ.

ಆದ್ದರಿಂದ ಸ್ಕ್ಯಾನ್ ಮತ್ತು ಟ್ಯಾಪೆಟ್‌ನ 645 ಡಾಲರ್ ಹಿಂದಿರುಗಿಸಿ. ರೆಸಿಸ್ಟೆನ್ಸ್ ವೈರನ್ನು, ಇಲ್ಲವೇ ಅಷ್ಟೇ ಓಮ್‌ನ ಬ್ಯಾಲಾಸ್ಟ್ ರೆಸಿಸ್ಟರನ್ನು ಕೂರಿಸಿ, ಪಾಯಿಂಟ್ಸ್ ಮತ್ತು ಕಂಡೆನ್ಸರ್ ಬದಲಿಸಿ. ಗ್ಯಾಪ್ 0.017 ಅಂಗುಲ, ಡ್ವೆಲ್ (ಪಾಯಿಂಟ್ಸ್ ಮುಚ್ಚಿರುವ ಕೋನ) 26ರಿಂದ 31 ಡಿಗ್ರಿ. ಅದಾದ ಮೇಲೆಯೇ ವ್ಯಾಕ್ಯೂಮ್ ಪೈಪ್ ಕಳಚಿ, ಬಾಯಿ ಮುಚ್ಚಿ, ಟೈಮಿಂಗನ್ನು ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕಿಂತ 6 ಡಿಗ್ರಿ ಮುಂಚೆಗೆ ಇಡಿ. ಈಗಿನ ಆಯಿಲ್ ಪೂರ್ತಿ ಇಳಿಸಿ, ಹೊಸ ಫಿಲ್ಟರ್ ಸಮೇತ ಜಿಂಕ್ ಹೆಚ್ಚಿರುವ 10ಡಬ್ಲ್ಯು-30 ಆಯಿಲ್ 5 ಕ್ವಾರ್ಟ್ ಹಾಕಿ. ಬಿಚ್ಚಿದ ಹಳೇ ಸಾಮಾನು ಬೇಕೆಂದು ಕೆಲಸ ಒಪ್ಪಿಸುವಾಗಲೇ ಬರೆಸಿದ್ದೆ, ಅದೂ ಬಂದಿಲ್ಲ.

ಸ್ಕ್ಯಾನ್, ಟ್ಯಾಪೆಟ್ ಎರಡೂ ನಿಮ್ಮ ಲಿಖಿತ ಎಸ್ಟಿಮೇಟಿನಲ್ಲಿರಲಿಲ್ಲ, ನನ್ನ ಒಪ್ಪಿಗೆಯನ್ನೂ ಕೇಳಿಲ್ಲ. ಹಾಗೆ ದುಡ್ಡು ಹಿಡಿಯುವುದು ಕ್ಯಾಲಿಫೋರ್ನಿಯಾ ಕಾಯಿದೆಗೆ ವಿರುದ್ಧ. ಹತ್ತು ದಿನದೊಳಗೆ ಉತ್ತರ ಬಾರದಿದ್ದರೆ ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ಗೆ ದೂರು ಕೊಡುತ್ತೇನೆ. ಬಿಲ್, ಎಸ್ಟಿಮೇಟ್ ಮತ್ತು ವೋಲ್ಟ್‌ಮೀಟರ್ ಫೋಟೋ ಲಗತ್ತಿಸಿದ್ದೇನೆ.

ಇಂತಿ,
ಕಾರಿನ ಮಾಲೀಕ